ಟೋಕಿಯೋ ನಗರದ ಒಂದು ಶಾವಿಗೆಯಂಗಡಿ

ರಾಜ್ಯಗಳ ಏಳುಬೀಳುಗಳನ್ನು ಬರೆದಿಡುವ ಚರಿತ್ರಕಾರರು ಜನರ ಊಟದ ಮಾತನ್ನು ಬಹುಮಟ್ಟಿಗೆ ಬಿಟ್ಟುಬಿಡುವರು. ಆದರೆ ಒಂದು ದೇಶವು ಹಸಿದ ಕಾಲದಲ್ಲಿ ಏನನ್ನು ಉಂಡಿತು, ಪರದೇಶದಿಂದ ಬಂದುದನ್ನು ಹೇಗೆ ತನ್ನದಾಗಿಸಿಕೊಂಡಿತು, ಎಂಬ ವಿಷಯಗಳು ಯುದ್ಧಗಳ ತಾರೀಖುಗಳಿಂದ ತಿಳಿಯತಕ್ಕವಲ್ಲ. ಜಪಾನಿನ ರಾಮೆನ್ ಎಂಬ ಬಿಸಿಸಾರಿನ ಶಾವಿಗೆಯೂ, ಅದರ ಒಡಹುಟ್ಟಾದ ತ್ಸುಕೆಮೆನ್ ಎಂಬ ಅದ್ದಿ ತಿನ್ನುವ ಶಾವಿಗೆಯೂ ಇದಕ್ಕೆ ಒಳ್ಳೆಯ ನಿದರ್ಶನಗಳು. ಇವುಗಳ ಚರಿತ್ರೆಯು ಟೋಕಿಯೋ ನಗರದ ಪೂರ್ವ ಇಕೆಬುಕುರೊ ಎಂಬ ಕೇರಿಯಲ್ಲಿದ್ದ ಒಂದು ಚಿಕ್ಕ ಅಂಗಡಿಯಲ್ಲಿ ಬಂದು ಸಂಧಿಸುತ್ತದೆ. ಆ ಅಂಗಡಿಯ ಹೆಸರು ತೈಶೋಕೆನ್. 'ಮಹಾವಿಜಯದ ಮನೆ' ಎಂದು ಅದರ ಅರ್ಥ.

ರಾಮೆನ್ ಎಂಬುದು ಗೋಧಿಹಿಟ್ಟಿನ ಶಾವಿಗೆ. ನಮ್ಮ ಹಪ್ಪಳದ ಹಿಟ್ಟಿಗೆ ಕ್ಷಾರವನ್ನು ಬೆರಸುವಂತೆ ಇದರ ಹಿಟ್ಟನ್ನು ಕನ್‌ಸುಯಿ ಎಂಬ ಕ್ಷಾರಜಲದಿಂದ ಕಲಸುವರು. ಇದರಿಂದ ಎಳೆಗಳಿಗೆ ತುಸು ಹಳದಿಯ ಬಣ್ಣವೂ, ಸಾರಿನಲ್ಲಿ ಬೇಗನೆ ಕರಗದ ಜಿಗುಟೂ ಬರುವುವು. ಸಾರನ್ನು ಕೋಳಿ ಮತ್ತು ಹಂದಿಯ ಎಲುಬು, ಒಣಮೀನು, ತರಕಾರಿ ಮುಂತಾದವುಗಳನ್ನು ಬಹಳ ಹೊತ್ತು ಕುದಿಸಿ ಮಾಡುವರು; ರುಚಿಗೆ ಸೋಯಾ ರಸವನ್ನೋ ಉಪ್ಪನ್ನೋ ಮಿಸೊ ಎಂಬ ಹುಳಿಬರಿಸಿದ ಸೋಯಾ ಮುದ್ದೆಯನ್ನೋ ಸೇರಿಸುವರು. ಶಾಕಾಹಾರಿಗಳಾದ ವಾಚಕರಿಗೆ ಈ ಸಾರು ಸಲ್ಲದು. ಅದರ ಕಥೆಯನ್ನು ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಶತಮಾನಗಳ ಕಾಲ ಹೊರಗಿನವರಿಗೆ ಬಹುಮಟ್ಟಿಗೆ ಮುಚ್ಚಿದ್ದ ಜಪಾನು 1859ರಲ್ಲಿ ಯೊಕೊಹಾಮ, ನಾಗಾಸಾಕಿ, ಹಕೊದಾತೆಗಳ ಬಂದರುಗಳನ್ನು ವಿದೇಶೀಯರ ವ್ಯಾಪಾರಕ್ಕೆ ತೆರೆಯಿತು. ಯುರೋಪಿನ ವರ್ತಕರೊಡನೆ ಚೀನೀಯರೂ ಬಂದು ನೆಲೆಸಿದರು. ಅವರ ಕೇರಿಗಳಲ್ಲಿ ಮಾರುತ್ತಿದ್ದ ಶಾವಿಗೆಯೇ ರಾಮೆನ್ನಿನ ಮೂಲ. 1910ರಲ್ಲಿ, ಮೊದಲು ಯೊಕೊಹಾಮದ ಸುಂಕದ ಇಲಾಖೆಯಲ್ಲಿದ್ದ ಓಜಾಕಿ ಕಾನ್‌ಇಚಿ ಎಂಬವರು ಟೋಕಿಯೋವಿನ ಅಸಾಕುಸ ಪೇಟೆಯಲ್ಲಿ ರೈರೈಕೆನ್ ಎಂಬ ಅಂಗಡಿಯನ್ನು ಹೂಡಿ, ಯೊಕೊಹಾಮದ ಚೀನೀ ಕೇರಿಯಿಂದ 12 ಮಂದಿ ಬಾಣಸಿಗರನ್ನು ಕರೆತಂದರು. ಅಸಾಕುಸವು ದೇವಾಲಯಕ್ಕೂ ನಾಟಕಶಾಲೆಗಳಿಗೂ ಜನರು ಮುಗಿಬೀಳುತ್ತಿದ್ದ ಸ್ಥಳ. ಅಲ್ಲಿ ಸಾಮಾನ್ಯ ಜನರು ಅಲ್ಪ ಬೆಲೆಗೆ ಈ ಶಾವಿಗೆಯ ರುಚಿಯನ್ನು ಕಂಡುಕೊಂಡರು. 1923ರ ಸೆಪ್ಟೆಂಬರ್ 1ರ ಮಹಾಭೂಕಂಪದಲ್ಲಿ ಟೋಕಿಯೋವೂ ಯೊಕೊಹಾಮವೂ ಬಹುಭಾಗ ಹಾಳಾಗಿ, ಅಂಗಡಿಗಳನ್ನು ಕಳೆದುಕೊಂಡ ಬಾಣಸಿಗರು ಬೇರೆ ಬೇರೆ ಊರುಗಳಿಗೆ ಚದರಿಹೋದರು. ಅವರೊಡನೆ ಅವರ ವಿದ್ಯೆಯೂ ಹೋಯಿತು.

ಆ ಕಾಲದಲ್ಲಿ ಇದಕ್ಕೆ 'ಶಿನಾ ಸೊಬ' ಎಂಬ ಹೆಸರಿತ್ತು. ಶಿನಾ ಎಂಬುದು ನಮ್ಮ ಸಂಸ್ಕೃತದ 'ಚೀನ' ಶಬ್ದವೇ. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಿರುಗಿಸಿದ ಪಂಡಿತರು ಆ ಶಬ್ದವನ್ನು ಅಕ್ಷರಗಳಲ್ಲಿ ಬರೆದಿಟ್ಟರು. ಆ ಗ್ರಂಥಗಳೊಡನೆ ಅದು ಜಪಾನಿಗೆ ಹೋಯಿತು. ಹೀಗೆ ಧರ್ಮದ ಜೊತೆಯಲ್ಲಿ ಪಯಣಮಾಡಿದ ನಿರ್ದೋಷವಾದ ಮಾತು, ಜಪಾನು ಚೀನದ ಮೇಲೆ ದಂಡೆತ್ತಿಹೋದ ವರ್ಷಗಳಲ್ಲಿ ತಿರಸ್ಕಾರದ ಮಾತಾಗಿ ಕೆಟ್ಟಿತು. 1945ರಲ್ಲಿ ಜಪಾನು ಸೋತ ತರುವಾಯ, 1946ರಲ್ಲಿ ಆ ದೇಶದ ವಿದೇಶಾಂಗ ಇಲಾಖೆಯೇ ಆ ಮಾತನ್ನು ಬಿಡಬೇಕೆಂದು ತಿಳಿಯಪಡಿಸಿತು. ಶಾವಿಗೆಯು 'ಚೂಕ ಸೊಬ' ಎಂದೂ, ಕ್ರಮೇಣ 'ರಾಮೆನ್' ಎಂದೂ ಕರೆಯಲ್ಪಟ್ಟಿತು.

ಸೋಲಿನ ವರ್ಷದಲ್ಲಿ ಅಲ್ಲಿ ಬತ್ತದ ಬೆಳೆಯೂ ಕೈಕೊಟ್ಟಿತ್ತು. ನಗರಗಳು ಸುಟ್ಟಿದ್ದುವು, ಪಡಿಯಕ್ಕಿ ಸಾಲುತ್ತಿರಲಿಲ್ಲ. ಅಮೆರಿಕದಿಂದ ಬಂದ ಗೋಧಿಯು ಕಳ್ಳಪೇಟೆಯ ಗಾಡಿಯಂಗಡಿಗಳಲ್ಲಿ ಶಾವಿಗೆಯಾಗಿ ಹಸಿದವರ ಹೊಟ್ಟೆಯನ್ನು ತುಂಬಿತು. ಒಸಾಕ ನಗರದಲ್ಲಿ ಇಂತಹ ಗಾಡಿಯ ಮುಂದೆ ಚಳಿಯಲ್ಲಿ ನಿಂತಿದ್ದ ಜನರ ಸಾಲನ್ನು ಕಂಡ ನೆನಪೇ ತಮ್ಮ ಪ್ರಯತ್ನಕ್ಕೆ ಕಾರಣವೆಂದು, 1958ರಲ್ಲಿ ಬಿಸಿನೀರು ಹೊಯ್ದರೆ ಸಿದ್ಧವಾಗುವ ಶಾವಿಗೆಯನ್ನು ಮಾರಾಟಕ್ಕೆ ತಂದ ಆಂದೊ ಮೊಮೊಫುಕು ಅವರು ಮುಂದೆ ಹೇಳಿಕೊಂಡರು.

ತೈಶೋಕೆನ್ನಿನ ಕಥೆಯೂ ಈ ಅಭಾವದ ಕಾಲಕ್ಕೇ ಸೇರಿದುದು. 1934ರಲ್ಲಿ ನಾಗಾನೊ ಪ್ರಾಂತದಲ್ಲಿ ಹುಟ್ಟಿದ ಯಮಗಿಶಿ ಕಜುಓ ಎಂಬವರು ತರುಣರಾಗಿ ಟೋಕಿಯೋವಿಗೆ ಬಂದು, ಬಂಧುಗಳೊಬ್ಬರೊಡನೆ ಶಾವಿಗೆಯಂಗಡಿಯ ಕೆಲಸವನ್ನು ಕಲಿತು, ನಕಾನೊ ಎಂಬ ಕೇರಿಯ ತೈಶೋಕೆನ್ ಅಂಗಡಿಯನ್ನು ನೋಡಿಕೊಳ್ಳುತ್ತಿದ್ದರು. ಬೆಂದ ಶಾವಿಗೆಯನ್ನು ಬಸಿಯುವಾಗ ಜರಡಿಯಲ್ಲಿ ಕೆಲವು ಎಳೆಗಳು ಉಳಿಯುತ್ತಿದ್ದುವು. ಕೆಲಸದವರು ಅವುಗಳನ್ನು ಕೂಡಿಸಿ, ಬಟ್ಟಲಿನಲ್ಲಿ ಸಾರು ಮತ್ತು ಸೋಯಾ ರಸವನ್ನು ಹಾಕಿಕೊಂಡು, ಅದ್ದಿ ತಿನ್ನುತ್ತಿದ್ದರು. ಇದು ಅಡುಗೆಮನೆಯ ಹಿಂಬದಿಯ ಊಟ. ಬೆಲೆಪಟ್ಟಿಯಲ್ಲಿ ಇದರ ಹೆಸರಿರಲಿಲ್ಲ. ಗಿರಾಕಿಗಳು ಅದನ್ನು ಕಂಡು ತಮಗೂ ಬೇಕೆಂದರು. ಯಮಗಿಶಿಯವರು ಅದ್ದುವ ಸಾರಿಗೆ ಹುಳಿ, ಸಿಹಿ, ಖಾರಗಳನ್ನು ಹದವಾಗಿ ಕೂಡಿಸಿ, 1955ರಲ್ಲಿ 'ವಿಶೇಷ ಮೊರಿಸೊಬ' ಎಂಬ ಹೆಸರಿನಿಂದ 40 ಯೆನ್ನಿಗೆ ಮಾರಲಾರಂಭಿಸಿದರು. ಮುಂದೆ ತ್ಸುಕೆಮೆನ್ ಎಂದು ಖ್ಯಾತಿಗೊಂಡುದು ಇದೇ.

ಹೆಸರನ್ನು ಗಮನಿಸಬೇಕು. ಬಕ್‌ವೀಟ್ ಎಂಬ ಧಾನ್ಯದ ಶಾವಿಗೆಯನ್ನು ಆರಿಸಿ, ತಟ್ಟೆಯಲ್ಲಿ ರಾಶಿಹಾಕಿ, ಬೇರೆ ಬಟ್ಟಲಿನ ರಸದಲ್ಲಿ ಅದ್ದಿ ತಿನ್ನುವುದು ಜಪಾನೀಯರ ಹಳೆಯ ಪದ್ಧತಿ. ಮೊರಿಸೊಬ ಎಂಬುದು ಅದರ ಹೆಸರು. ಚೀನದಿಂದ ಬಂದ ಗೋಧಿಶಾವಿಗೆಗೆ ಯಮಗಿಶಿಯವರು ಈ ಮನೆಯ ನಡೆಯನ್ನು ಕಲಿಸಿದರು. ಇಂದಿಗೂ ಟೋಕಿಯೋವಿನ ಪ್ರಸಿದ್ಧವಾದ ಶಾವಿಗೆಯಂಗಡಿಗೆ ಹೋದ ಪ್ರವಾಸಿಯು ಇದನ್ನು ಪ್ರತ್ಯಕ್ಷವಾಗಿ ಕಾಣಬಹುದು. ಬಾಗಿಲಲ್ಲಿ ಜನರ ಸಾಲು. ಅನೇಕ ಅಂಗಡಿಗಳಲ್ಲಿ ಯಂತ್ರಕ್ಕೆ ಹಣ ಹಾಕಿ ಚೀಟಿಯನ್ನು ಪಡೆಯಬೇಕು. ಒಳಗೆ ಒಲೆಯ ಎದುರಿನ ಉದ್ದವಾದ ಹಲಗೆಯ ಮುಂದೆ ಒತ್ತಾಗಿ ಆಸನಗಳು. ತಣ್ಣೀರಿನಲ್ಲಿ ತೊಳೆದ ದಪ್ಪನೆಯ ಎಳೆಗಳು ಒಂದು ಬೋಗುಣಿಯಲ್ಲಿ, ಗಾಢವಾದ ಬಿಸಿಸಾರು ಇನ್ನೊಂದರಲ್ಲಿ ಬರುತ್ತವೆ. ಸೊರ್ರನೆ ಸದ್ದು ಮಾಡಿ ಹೀರುವುದು ಅಲ್ಲಿ ಅಸಭ್ಯವಲ್ಲ. ಶಾವಿಗೆ ಮುಗಿದ ಮೇಲೆ ಉಳಿದ ಸಾರಿಗೆ ತಿಳಿಸಾರನ್ನು ಬೆರಸಿಕೊಂಡು ಕುಡಿಯುವುದೂ, ಸೊಬ ಬೇಯಿಸಿದ ನೀರನ್ನು ರಸಕ್ಕೆ ಬೆರಸಿ ಕುಡಿಯುವ ಹಳೆಯ ವಾಡಿಕೆಯನ್ನು ಹೋಲುವುದು. ಮಾತುಕತೆ ಕಡಮೆ, ಹಿಂದೆ ಕಾದಿರುವವರನ್ನು ನೆನೆದು ಉಂಡವನು ಬೇಗನೆ ಏಳುವನು.

ಯಮಗಿಶಿಯವರು 1961ರಲ್ಲಿ ಪೂರ್ವ ಇಕೆಬುಕುರೊದಲ್ಲಿ ಸ್ವಂತ ತೈಶೋಕೆನ್ನನ್ನು ತೆರೆದರು. ಪತಿಪತ್ನಿಯರಿಬ್ಬರ ದುಡಿಮೆಯಿಂದ ಅಂಗಡಿಯು ಬೆಳೆಯಿತು. 1986ರಲ್ಲಿ ಪತ್ನಿಯು ತೀರಿಕೊಂಡಾಗ ಯಮಗಿಶಿಯವರು ಕೈಸೋತು ತಿಂಗಳುಗಟ್ಟಲೆ ಬಾಗಿಲು ಹಾಕಿದರು. ಮುಚ್ಚಿದ ಬಾಗಿಲಿಗೆ ಅಂಟಿಸಿದ್ದ ಕಾಗದದ ಮೇಲೆ ಗಿರಾಕಿಗಳು ಮತ್ತೆ ತೆರೆಯಬೇಕೆಂದು ಬರೆದುಹೋದರು. ಅಂಗಡಿಯು ಪುನಃ ತೆರೆಯಿತು. ಆ ಬಳಿಕ ಕಲಿಯಬೇಕೆಂದು ಬಂದವರನ್ನು ಅವರು ಧಾರಾಳವಾಗಿ ಸೇರಿಸಿಕೊಂಡರು.

ಜಪಾನಿನಲ್ಲಿ ಅಂಗಡಿಯ ಬಾಗಿಲಿಗೆ ಹೆಸರು ಬರೆದ ಬಟ್ಟೆಯ ಪರದೆಯನ್ನು ತೂಗುಬಿಡುವರು. ಅದಕ್ಕೆ ನೋರೆನ್ ಎನ್ನುವರು. ನಿಷ್ಠೆಯಿಂದ ದುಡಿದ ಶಿಷ್ಯನಿಗೆ ಅದೇ ಹೆಸರಿನಿಂದ ಬೇರೆ ಅಂಗಡಿಯಿಡಲು ಅನುಮತಿ ಕೊಡುವುದನ್ನು 'ಪರದೆಯ ಹಂಚಿಕೆ' ಎನ್ನುವರು. ಯಮಗಿಶಿಯವರು ಈ ಹಂಚಿಕೆಯಲ್ಲಿ ಲೆಕ್ಕವನ್ನೇ ಇಡಲಿಲ್ಲವೆನ್ನಬಹುದು. ಪಾಕದ ಕ್ರಮವನ್ನು ಮರೆಮಾಚದೆ ತೋರಿಸಿದರು. ಹೆಸರಿಗಾಗಿ ಹಣ ಕೇಳಲಿಲ್ಲ. ಅವರಲ್ಲಿ ಕಲಿತವರು ನೂರಕ್ಕೂ ಹೆಚ್ಚು ಮಂದಿ. ಜನರು ಅವರನ್ನು 'ರಾಮೆನ್ನಿನ ದೇವರು' ಎಂದು ಕರೆದರು.

ಆ ಕೇರಿಯನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಯಿಂದಲೂ, ದೀರ್ಘಕಾಲ ನಿಂತು ದುಡಿದ ಕಾಲುಗಳ ನೋವಿನಿಂದಲೂ, 2007ರ ಮಾರ್ಚ್ 20ರಂದು ಹಳೆಯ ಅಂಗಡಿಯು ಮುಚ್ಚಿತು. ಅಂದು ಕಡೆಯ ಬೋಗುಣಿಗಾಗಿ ನೂರಾರು ಜನರು ಸಾಲುನಿಂತರು. 2008ರಲ್ಲಿ ಶಿಷ್ಯನ ಕೈಯಲ್ಲಿ ಅದೇ ಹೆಸರು ಸಮೀಪದಲ್ಲಿ ಮತ್ತೆ ತೆರೆಯಿತು. 2015ರ ಏಪ್ರಿಲ್ 1ರಂದು ಯಮಗಿಶಿಯವರು ಕಾಲವಾದರು. ಶಿಷ್ಯರಲ್ಲಿ ಭಿನ್ನಾಭಿಪ್ರಾಯ ತಲೆದೋರಿ ಎರಡು ಪಂಗಡಗಳಾದುವು. ಯಾರಿಗೂ ಇಲ್ಲವೆನ್ನದೆ ಹಂಚಿದ ಹೆಸರನ್ನು ಕಾಪಾಡುವವರು ಯಾರು ಎಂಬುದು ಸಣ್ಣ ಪ್ರಶ್ನೆಯಲ್ಲ. ವಿದ್ಯೆಯನ್ನು ಕೈಬಿಚ್ಚಿ ಕೊಟ್ಟ ಗುರುಗಳ ಪರಂಪರೆಗಳಲ್ಲಿ ಈ ಪ್ರಶ್ನೆ ಎಲ್ಲೆಡೆಯೂ ಎದ್ದಿದೆ.

ಆದರೆ ಬಚ್ಚಿಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನೂ ಯೋಚಿಸಬೇಕು. ಕಟ್ಟಡದೊಡನೆ ರುಚಿಯೂ ನೆಲಸಮವಾಗುತ್ತಿತ್ತು. ಶಿಷ್ಯರು ಪಂಗಡಗಳಾದರೂ ಎರಡು ಕಡೆಯ ಒಲೆಗಳಲ್ಲಿಯೂ ಗುರುವಿನ ಸಾರೇ ಕುದಿಯುತ್ತದೆ. ಬಂದರಿನ ಚೀನೀ ಕೇರಿಯಿಂದ ಹೊರಟು, ಭೂಕಂಪವನ್ನೂ ಯುದ್ಧವನ್ನೂ ಹಸಿವನ್ನೂ ದಾಟಿಬಂದ ಈ ಆಹಾರವು ಉಳಿದುದು ಒಬ್ಬರು ಇನ್ನೊಬ್ಬರಿಗೆ ಕಲಿಸಿಕೊಟ್ಟುದರಿಂದಲೇ. ಜರಡಿಯಲ್ಲಿ ಉಳಿದ ನಾಲ್ಕು ಎಳೆಗಳನ್ನೂ ಚೆಲ್ಲದೆ ಕೂಡಿಸಿಟ್ಟ ಕೈ, ತಾನು ಬಲ್ಲುದನ್ನು ಮಾತ್ರ ಕೂಡಿಸಿಡಲಿಲ್ಲ, ಬಂದವರಿಗೆಲ್ಲ ಬಡಿಸಿಬಿಟ್ಟಿತು.