ಜಾನಪದ ಲೋಕದ ಪ್ರದರ್ಶನಕ್ರಮ ಮತ್ತು ನಮ್ಮ ಗ್ರಂಥಭಂಡಾರಗಳು

ಓಲೆಪ್ರತಿಗಳನ್ನು ಸಾರ್ವಜನಿಕರ ಮುಂದೆ ಯಾವ ಕ್ರಮದಲ್ಲಿ ಇರಿಸಬೇಕು, ಹಳೆಯ ಲಿಪಿಯನ್ನು ಓದಲಾರದವರಿಗೆ ಅವುಗಳಿಂದ ಏನು ದೊರೆಯಬೇಕು ಎಂಬ ಪ್ರಶ್ನೆಗೆ ನಮ್ಮ ನಾಡಿನ ವಸ್ತುಸಂಗ್ರಹಾಲಯಗಳ ಇತಿಹಾಸದಲ್ಲಿಯೇ ಉತ್ತರವನ್ನು ಅರಸಬಹುದಾಗಿದೆ. ಈ ದೃಷ್ಟಿಯಿಂದ ರಾಮನಗರಕ್ಕೂ ಕೆಂಗಲ್ಲಿಗೂ ನಡುವೆ, ಬೆಂಗಳೂರು-ಮೈಸೂರು ರಸ್ತೆಯ ಮಗ್ಗುಲಲ್ಲಿರುವ ಜಾನಪದ ಲೋಕವು ಪರಿಶೀಲನಾರ್ಹವಾದುದು.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವು ೧೮೬೫ರಲ್ಲಿ ಆರಂಭವಾಯಿತು. ಕ್ರಿ.ಶ. ೯೪೯ರ ತಕ್ಕೋಲದ ಯುದ್ಧವನ್ನೂ, ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯನ್ನೂ ಸ್ಮರಿಸುವ ಆತಕೂರಿನ ಶಾಸನ ಅಲ್ಲಿದೆ. ಲಿಪಿಜ್ಞನಿಗೆ ಅದು ಅಮೂಲ್ಯ ಆಕರ. ಇತರರಿಗೆ ಫಲಕದ ವಿವರಣೆಯೇ ಗತಿ. ಈ ಕ್ರಮದಲ್ಲಿ ಪ್ರೇಕ್ಷಕನು ಕೇವಲ ನೋಡುವವನು.

ಮೈಸೂರು ವಿಶ್ವವಿದ್ಯಾನಿಲಯವು ೧೯೬೮ರಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದಾಗ ನಿತ್ಯಬಳಕೆಯ ವಸ್ತುವಿಗೂ ವಿದ್ವತ್ತಿನ ಮನ್ನಣೆ ದೊರೆಯಿತು. ಎಚ್.ಎಲ್. ನಾಗೇಗೌಡರು ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ಆ ಪರಿಷತ್ತಿನ ಆಶ್ರಯದಲ್ಲಿ ಹದಿನೈದು ಎಕರೆಯ ನೆಲದಲ್ಲಿ ರೂಪುಗೊಂಡ ಜಾನಪದ ಲೋಕವು ೧೯೯೪ರಲ್ಲಿ ಉದ್ಘಾಟನೆಗೊಂಡಿತು.

ಇಲ್ಲಿಯ ವಿಂಗಡಣೆಯು ರಾಜವಂಶಗಳನ್ನಾಗಲಿ ಶತಮಾನಗಳನ್ನಾಗಲಿ ಅನುಸರಿಸಿದುದಲ್ಲ. ಲೋಕಮಾತಾ ಮಂದಿರದಲ್ಲಿ ಅಡುಗೆಯ ಹಾಗೂ ಮನೆವಾರ್ತೆಯ ಪರಿಕರಗಳಿವೆ. ಆಯಗಾರ ಮಾಳದಲ್ಲಿ ಗಾಡಿ, ಕುಂಬಾರನ ತಿಗರಿ ಮೊದಲಾದ ಕಸುಬಿನ ಸಾಧನಗಳಿವೆ. ಗ್ರಾಮಸೇವೆಗೆ ಪ್ರತಿಯಾಗಿ ಫಸಲಿನಲ್ಲಿ ‘ಆಯ’ವನ್ನು ಪಡೆಯುತ್ತಿದ್ದವರೇ ಆಯಗಾರರು. ಹೀಗೆ ವಿಂಗಡಣೆಯ ಹೆಸರೇ ಒಂದು ಗ್ರಾಮವ್ಯವಸ್ಥೆಯನ್ನು ಬೋಧಿಸುತ್ತದೆ. ಬೀಸುಕಲ್ಲನ್ನು ಬಳಸಿದ ಹಿರಿಯ ಗೃಹಿಣಿಗೆ ಇಲ್ಲಿ ಫಲಕದ ಅಗತ್ಯವಿಲ್ಲ. ಜೊತೆಯಲ್ಲಿ ಬಂದ ಮೊಮ್ಮಕ್ಕಳಿಗೆ ವಿವರಿಸಲು ಆಕೆಯೇ ಸಮರ್ಥೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ವಸ್ತುವು ಮೂಲಪಾಠ. ಬಳಸಿ ಬಲ್ಲವರೇ ಟೀಕಾಕಾರರು.

ಆದರೆ ಟೀಕಾಪರಂಪರೆ ಕಡಿದರೆ ಮೂಲವು ದುರ್ಬೋಧವಾಗುತ್ತದೆ. ಬೀಸುಕಲ್ಲನ್ನು ಮುಟ್ಟದ ಪೀಳಿಗೆಗೆ ಅದು ಆತಕೂರಿನ ಶಾಸನದಷ್ಟೇ ಮೌನವಾದ ಕಲ್ಲು. ಆದಕಾರಣ ವಸ್ತುವಿಗೂ ಒಂದು ಪುಷ್ಪಿಕೆ ಬೇಕು: ಮಾಡಿದವರಾರು, ಯಾವ ಊರಿನದು, ಬಳಸಿದ ಬಗೆ ಯಾವುದು ಎಂಬುದನ್ನು ಬಲ್ಲವರ ಮಾತಿನಲ್ಲಿಯೇ ದಾಖಲಿಸಿಡಬೇಕು.

ಇದು ನಮ್ಮ ಭಂಡಾರಗಳಿಗೂ ಅನ್ವಯಿಸುತ್ತದೆ. ಮೂಡಬಿದಿರೆಯ ಧವಲಾ ಪ್ರತಿಗಳು ದೀರ್ಘಕಾಲ ದರ್ಶನಕ್ಕೆ ಮಾತ್ರ ಮೀಸಲಾಗಿದ್ದವು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಟೀಕೆಯು ೧೯೩೯ರಿಂದ ೧೯೫೮ರವರೆಗೆ ಹದಿನಾರು ಸಂಪುಟಗಳಲ್ಲಿ ಮುದ್ರಿತವಾಗಿ ವಿದ್ವಾಂಸರಿಗೆ ಲಭಿಸಿತು. ಓದಲಾರದವರ ಪಾಲಿಗೆ ಓಲೆಯು ಇಂದಿಗೂ ದರ್ಶನವಸ್ತುವೇ. ಕೊರೆದು ಬರೆದ ಪ್ರತಿಗಳ ಬಳಿಯಲ್ಲಿ ಹದಗೊಳಿಸಿದ ಗರಿ, ಕಂಠ, ಮಸಿ, ಹಲಗೆ, ದಾರಗಳನ್ನು ಇರಿಸಿದಲ್ಲಿ, ಕಂಠವನ್ನು ಬಡಿದ ಕಮ್ಮಾರನ, ಹಲಗೆಯನ್ನು ಕೊಯ್ದ ಬಡಗಿಯ ಸಂತತಿಯವರೂ ಶಾಸ್ತ್ರರಕ್ಷಣೆಯಲ್ಲಿ ತಮ್ಮ ಪೂರ್ವಜರ ಪಾಲನ್ನು ಗುರುತಿಸಿಕೊಳ್ಳುವರು. ಅತ್ತಿಮಬ್ಬೆಯು ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಆ ಸಾವಿರ ಪ್ರತಿಗಳ ಹಿಂದೆ ಎಷ್ಟು ಕಸುಬಿನ ಕೈಗಳು ದುಡಿದಿರಬೇಕೆಂಬುದನ್ನು ಪ್ರದರ್ಶನವು ತೋರಿಸಿದರೆ ಅದೂ ಶಾಸ್ತ್ರದಾನದ ಮುಂದುವರಿಕೆಯೇ ಆಗುತ್ತದೆ.