ಅಂಗಳದ ಕಲೆ

ಚಂದಾಪುರದ ನಮ್ಮ ಮನೆಯಲ್ಲಿ ಮೊದಲು ನೆಲವೆಂದರೆ ಶಹಾಬಾದಿನ ಫರ್ಸಿ. ಸಿಮೆಂಟಿನ ಅಂಗಳ ಬಂದದ್ದು ತಡವಾಗಿ. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಪೇಟೆಂಟ್ ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟಿಗೂ ಸುಣ್ಣಗಲ್ಲೇ ಮೂಲದ್ರವ್ಯ. ವಾಡಿಯಲ್ಲಿ 1968ರಲ್ಲಿ ಎ.ಸಿ.ಸಿ. ಕಾರ್ಖಾನೆ ಆರಂಭವಾದದ್ದೂ ಆ ಕಲ್ಲಿನ ಬಲದಿಂದಲೇ. ಆದುದರಿಂದ ಫರ್ಸಿಗೂ ಸಿಮೆಂಟಿಗೂ ಆಮ್ಲವು ಸಮಾನ ಶತ್ರು.

ಇದನ್ನು ತರಗತಿಯಲ್ಲಿ ಬೋಧಿಸಿದ್ದ ನಾನೇ, ಮಗಳ ಮದುವೆಯ ಎರಡು ದಿನ ಮೊದಲು, ಅಂಗಳದ ಎಣ್ಣೆಯ ಕಲೆಯ ಮೇಲೆ ಆ್ಯಸಿಡ್ ಸುರಿದೆ! ನೊರೆಯೆದ್ದಿತು, ಎಣ್ಣೆ ಹೋಗಲಿಲ್ಲ, ಮೇಲ್ಮೈಯ ನುಣುಪು ಹೋಯಿತು. ತಾಯಿಯವರು ಏನನ್ನೂ ಅನ್ನದೆ, ನೀರಿನಿಂದ ಚೆನ್ನಾಗಿ ತೊಳೆಯಿಸಿ, ಒಣಗಿದ ಮೇಲೆ ಒಲೆಯ ಬೂದಿ ಹರವಿದರು. ಮರುದಿನ ಸಾಬೂನಿನ ನೀರಿನಿಂದ ತಿಕ್ಕಿಸಿದರು. ಕಲೆ ಬಹುಮಟ್ಟಿಗೆ ಮಾಸಿತು. ಎಣ್ಣೆ ಚೆಲ್ಲಿದೊಡನೆ ಬೂದಿ ಹಾಕಿದ್ದರೆ ಅಷ್ಟೂ ಉಳಿಯುತ್ತಿರಲಿಲ್ಲವಂತೆ. ಆ್ಯಸಿಡ್ ತಿಂದ ತಗ್ಗು ಮಾತ್ರ ಹಾಗೆಯೇ ಇದೆ. ಮಳೆಗಾಲದಲ್ಲಿ ಪಾಚಿ ಮೊದಲು ಕಟ್ಟುವುದು ಅಲ್ಲಿಯೇ.