ಸಾಲಿನಲ್ಲಿ ಎರಡು ಸಲ ನಿಂತ ಕೆಲಸ

ಜೆಂಕಿನ್ಸ್‌ನ ಬಿಲ್ಡ್ ಜಾಬ್‌ಗಳಿಗೆ ‘ಕ್ವಯಟ್ ಪೀರಿಯಡ್’ ಎಂಬ ಒಂದು ಸೆಟ್ಟಿಂಗ್ ಇದೆ. ನಾವು ಮುಟ್ಟದಿದ್ದರೆ ಅದು 5 ಸೆಕೆಂಡು. ನನ್ನ ತಂಡಕ್ಕೆ ಹೊಸದಾಗಿ ಬಂದವರಿಗೆ ಈ ಕಾಯುವಿಕೆ ಅರ್ಥವಾಗುವುದಿಲ್ಲ. “ಸೊನ್ನೆ ಮಾಡಿಬಿಡೋಣ, ಮೇಡಂ” ಎನ್ನುತ್ತಾರೆ. ಬೇಡ ಎಂದು, ಅವರನ್ನು ಕೂರಿಸಿಕೊಂಡು ಸಿವಿಎಸ್ ಕಾಲದ ಕಥೆ ಹೇಳುತ್ತೇನೆ.

ಗಿಟ್‌ನಲ್ಲಿ ಒಂದು ಕಮಿಟ್‌ನ ಹತ್ತು ಫೈಲುಗಳು ಹೋದರೆ ಒಟ್ಟಿಗೇ ಹೋಗುತ್ತವೆ. ಸಿವಿಎಸ್‌ನಲ್ಲಿ ಹಾಗಿರಲಿಲ್ಲ, ಫೈಲುಗಳು ಒಂದೊಂದಾಗಿ ಸರ್ವರ್ ಸೇರುತ್ತಿದ್ದವು. ಬದಲಾವಣೆ ಮೂರು ಡೈರೆಕ್ಟರಿಗಳಲ್ಲಿ ಹರಡಿದ್ದರೆ ಬೆನ್ನುಬೆನ್ನಿಗೆ ಮೂರು ಇ-ಮೇಲ್ ಹೊರಡುವುದೂ ಇತ್ತು. ಆ ಮೇಲ್ ನೋಡಿ ಬಿಲ್ಡ್ ಶುರುಮಾಡುವ ಯಂತ್ರಕ್ಕೆ ಒಂದೇ ಕೆಲಸ ಮೂರಾಗಿ ಕಾಣುತ್ತಿತ್ತು. ಮೊದಲ ಮೇಲ್‌ಗೇ ಓಡಿದರೆ ಸಿಗುವುದು ಅರ್ಧ ಬಂದ ಕೋಡ್. ಬಿಲ್ಡ್ ಮುರಿದು, ಏನೂ ತಪ್ಪು ಮಾಡದವರ ಹೆಸರಿಗೆ ಕೆಂಪು ಗುರುತು ಬೀಳುತ್ತಿತ್ತು. ಥಾಟ್‌ವರ್ಕ್ಸ್‌ನಲ್ಲಿ ಹುಟ್ಟಿದ ಕ್ರೂಸ್‌ಕಂಟ್ರೋಲ್ ಇದಕ್ಕೊಂದು ಮದ್ದು ಕಂಡುಕೊಂಡಿತ್ತು: ಕೊನೆಯ ಬದಲಾವಣೆಯ ನಂತರ ಸ್ವಲ್ಪ ಹೊತ್ತು ಯಾರೂ ಏನನ್ನೂ ಸೇರಿಸದಿದ್ದರೆ ಮಾತ್ರ ಬಿಲ್ಡ್. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಾಗುಚಿ 2004ರಲ್ಲಿ ಬರೆಯತೊಡಗಿದ ಹಡ್ಸನ್‌ನಲ್ಲೂ ಇಂಥದೇ ವಿರಾಮ ಸೇರಿಕೊಂಡಿತು.

ಅದರ ಜೊತೆಗಿದ್ದ ಕ್ಯೂ ನಿಯಮ ನನಗೆ ಇನ್ನೂ ಇಷ್ಟ. ಅದೇ ಜಾಬ್, ಅವೇ ಪ್ಯಾರಾಮೀಟರ್‌ಗಳಿರುವ ಕೋರಿಕೆ ಆಗಲೇ ಕಾಯುತ್ತಿದ್ದರೆ ಹೊಸದು ಅದರಲ್ಲೇ ಕರಗುತ್ತದೆ. ಕೇಳಿದವರಿಬ್ಬರ ಹೆಸರೂ ಆ ಒಂದೇ ಬಿಲ್ಡ್‌ನಲ್ಲಿ ಉಳಿಯುತ್ತದೆ. ಓಡುತ್ತಿರುವ ಬಿಲ್ಡ್ ಈ ಲೆಕ್ಕಕ್ಕೆ ಬರುವುದಿಲ್ಲ; ಅದು ಕೋಡ್ ಎತ್ತಿಕೊಂಡ ಮೇಲೆ ಬಂದ ಬದಲಾವಣೆಗೆ ಇನ್ನೊಂದು ಬಿಲ್ಡ್ ಬೇಕೇ ಬೇಕು. ಹೀಗಾಗಿ ಒಂದು ಓಡುತ್ತಿರುವಾಗ ಇಪ್ಪತ್ತು ಜನ ಕೇಳಿದರೂ ಕಾಯುವುದು ಒಂದೇ, ಮತ್ತು ಆ ಒಂದು ಇಪ್ಪತ್ತು ಜನಕ್ಕೂ ಸಾಕು. ಯಾಕೆಂದರೆ ಅದು ತನ್ನ ಸರದಿ ಬಂದಾಗ ಇತ್ತೀಚಿನ ಕೋಡನ್ನೇ ಎತ್ತಿಕೊಳ್ಳುತ್ತದೆ.

2010ರಲ್ಲಿ ಒರಾಕಲ್ ಸನ್ ಅನ್ನು ಕೊಂಡಿತು, ಹೆಸರಿಗಾಗಿ ಜಗಳವಾಯಿತು, 2011ರ ಜನವರಿಯಲ್ಲಿ 214–14 ಮತಗಳಿಂದ ಹಡ್ಸನ್ ಜೆಂಕಿನ್ಸ್ ಆಯಿತು. ಕ್ಯೂ ನಿಯಮ ಹಾಗೇ ಉಳಿಯಿತು.

ಸ್ಕ್ರಿಪ್ಟ್ ಬರೆಯುವವರು ಎಡವುವುದು ಇಲ್ಲೇ. ಸ್ಕ್ರಿಪ್ಟ್ ಬಿಲ್ಡ್ ಕೇಳಿದರೆ ಸರ್ವರ್ 201 ಎಂದು ಉತ್ತರಿಸಿ, ಕ್ಯೂನಲ್ಲಿನ ಸ್ಥಾನದ ವಿಳಾಸ ಕೊಡುತ್ತದೆ. ಕೋರಿಕೆ ಕರಗಿಹೋದಾಗ ಸಿಗುವುದು ಮೊದಲೇ ಕಾಯುತ್ತಿದ್ದುದರ ವಿಳಾಸ. ಎರಡು ಸ್ಕ್ರಿಪ್ಟ್‌ಗಳು ಒಂದೇ ವಿಳಾಸವನ್ನು ತಮ್ಮದೆಂದುಕೊಳ್ಳುತ್ತವೆ, ಒಂದು ರದ್ದು ಮಾಡಿದರೆ ಇನ್ನೊಂದರ ಕೆಲಸವೂ ಹೋಗುತ್ತದೆ. ಆಗೊಮ್ಮೆ ಈಗೊಮ್ಮೆ ಕೈಕೊಡುವ ಟೆಸ್ಟ್ ಹಿಡಿಯಲು ಲೂಪ್ ಹಾಕಿ ಐವತ್ತು ಸಲ ಕೇಳಿದವರಿಗೆ ಬೆರಳೆಣಿಕೆಯ ಬಿಲ್ಡ್‌ಗಳೇ ಸಿಗುತ್ತವೆ. ಆಗ ಗಡಿಯಾರದ ಹೊತ್ತನ್ನೇ ಪ್ಯಾರಾಮೀಟರ್ ಮಾಡಿ ಕಳಿಸುವ ಚಾಳಿ ಇದೆ. ಟೆಸ್ಟ್ ಲೂಪ್‌ಗೆ ಸರಿ, ಬೇರೆಡೆ ನಾನು ಒಪ್ಪುವುದಿಲ್ಲ. ನಿಜವಾದ ನಕಲನ್ನೂ ಹೊಸ ಕೆಲಸವೆಂದು ಸರ್ವರ್‌ಗೆ ನಂಬಿಸಿದಂತಾಗುತ್ತದೆ.

ಗಿಟ್ ಬಂದ ಮೇಲೆ ಇಡೀ ನಿಯಮದ ಬುಡವೇ ಅಲುಗಾಡಿತು. ಈಗಿನ ಸ್ಕ್ರಿಪ್ಟ್ “ಇತ್ತೀಚಿನದನ್ನು ಕಟ್ಟು” ಎನ್ನುವುದು ಕಡಿಮೆ. ಇಂಥದೇ ಕಮಿಟ್ ಎಂದು ಹ್ಯಾಶ್ ಕೊಡುತ್ತದೆ. ಪ್ರತಿ ಹ್ಯಾಶ್ ಬೇರೆ, ಹಾಗಾಗಿ ಯಾವುದೂ ಯಾವುದರಲ್ಲೂ ಕರಗುವುದಿಲ್ಲ, ಸಾಲು ಬೆಳೆಯುತ್ತಲೇ ಹೋಗುತ್ತದೆ. ಅದಕ್ಕೇ ಮದ್ದು ತಿರುಗಿತು. ಹಿಂದೆ ಹೊಸಬರು ಹಳಬರಲ್ಲಿ ಸೇರುತ್ತಿದ್ದರು, ಈಗ ಹೊಸಬರು ಹಳಬರನ್ನು ಎಬ್ಬಿಸುತ್ತಾರೆ. ಜೆಂಕಿನ್ಸ್ ಪೈಪ್‌ಲೈನ್‌ನಲ್ಲಿ ಹಿಂದಿನ ಬಿಲ್ಡ್ ನಿಲ್ಲಿಸುವ ‘ಅಬಾರ್ಟ್ ಪ್ರೀವಿಯಸ್’ ಬಂತು. ಗಿಟ್‌ಲ್ಯಾಬ್ ಹಳೆಯ ಪೈಪ್‌ಲೈನ್‌ಗಳನ್ನು ತಾನಾಗಿ ರದ್ದು ಮಾಡುವುದನ್ನು ಕಲಿಯಿತು.

ಪುಲ್ ರಿಕ್ವೆಸ್ಟ್‌ನ ಟೆಸ್ಟ್‌ಗಳಿಗೆ ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಮೂರು ಕಮಿಟ್ ಹಿಂದಿನ ಫಲಿತಾಂಶ ಯಾರಿಗೂ ಬೇಡ. ಡೇಟಾಬೇಸ್ ಮೈಗ್ರೇಶನ್ ನಡೆಸುವ ಡಿಪ್ಲಾಯ್ ಜಾಬ್‌ಗೆ ಮಾತ್ರ ಖಂಡಿತ ಬಿಡುವುದಿಲ್ಲ. ಟೇಬಲ್ ಅರ್ಧ ಬದಲಾಗಿರುವಾಗ ಹೊಸ ಕೋರಿಕೆ ಬಂತೆಂದು ಹಳೆಯದನ್ನು ಕೊಲ್ಲಬಾರದು. ಅಂಥ ಜಾಬ್‌ಗಳಲ್ಲಿ ಒಂದು ಮುಗಿಯುವವರೆಗೂ ಇನ್ನೊಂದು ಸಾಲಿನಲ್ಲಿ ನಿಲ್ಲಬೇಕು, ಎಷ್ಟೇ ಹೊತ್ತಾದರೂ.